ಮುಚ್ಚೂತನಕ

ಮುತ್ತಪ್ಪ ಬಾಗಿಲಿಗೆ ಅಂಗೈ ಊರಿ ಮೆಲ್ಲಗೆ ನೂಕಿ ನೋಡಿದ. ಅಲುಗಲಿಲ್ಲ.

"ಕೀಲಿ ಹಾಕ್ಯಾರಪ್ಪಾ," ಕಾವಲುಗಾರನನ್ನು ವಿಚಾರಿಸಿ ಬಂದ ಮಗಳು ಸಂಘಮಿತ್ರಾ ಹೇಳಿದಳು. "ಭಾಳ ದಿನಾ ಆತಂತ. ಯಾರನ್ನೂ ಒಳಗ ಬಿಡೂದಿಲ್ಲಂತ."

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ. ಗಾಜಿನ ಚಾವಣಿಯ ದೊಡ್ಡ ಅಂಗಳ. ಅದರ ನಟ್ಟನಡುವೆ ಬಿಳಿ ಕಲ್ಲಿನ ದುಂಡು ಕಟ್ಟಡ, ಹಳೆಯ ವಾಚನಾಲಯ. ಬಾಬಾಸಾಹೇಬ ಅಂಬೇಡ್ಕರರು ಈ ಊರಲ್ಲಿ ಓದುತ್ತಿದ್ದಾಗ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಕೂತು, ಸಂಜೆ ಎಲ್ಲರಿಗಿಂತ ಕಡೆಗೆ ಏಳುತ್ತಿದ್ದರೆಂದು ಮುತ್ತಪ್ಪ ಓದಿದ್ದ. ಅದನ್ನು ಓದಿದ್ದು ಜಮಖಂಡಿಯ ಗ್ರಂಥಾಲಯದಲ್ಲಿ. ಕಸ ಹೊಡೆಯುವ ಕೆಲಸಕ್ಕೆಂದು ಅಲ್ಲಿ ಸೇರಿ, ಕಪಾಟಿನ ಧೂಳು ಒರೆಸುತ್ತ ಒರೆಸುತ್ತ ಪುಸ್ತಕದ ಬೆನ್ನಿನ ಮೇಲಿನ ಅಕ್ಷರಗಳನ್ನು ಕೂಡಿಸಿ ಓದಲು ಕಲಿತವನು ಅವನು.

ಸಂಘಮಿತ್ರಾ ಈಗ ಜಮಖಂಡಿಯಲ್ಲೇ ಕಾಲೇಜಿನ ಇತಿಹಾಸದ ಮೇಡಂ. ಪ್ರಬಂಧ ಓದಲು ಲಂಡನ್ನಿನಿಂದ ಕರೆ ಬಂದಾಗ ಅಪ್ಪನನ್ನೂ ಹಟ ಹಿಡಿದು ಕರೆತಂದಿದ್ದಳು. ನಾಳೆ ವಿಮಾನ. ಬಿಡುವಿದ್ದದ್ದು ಇದೊಂದೇ ದಿನ. ದೊಡ್ಡ ಗಡಿಯಾರ, ರಾಣಿಯ ಅರಮನೆ, ಕೋಟೆಯೊಳಗಿನ ಕೊಹಿನೂರು, ಹಡಗು ಬಂದರೆ ಎರಡಾಗಿ ಏಳುವ ಸೇತುವೆ, ಎಲ್ಲವನ್ನೂ ಅವಳು ಚೀಟಿಯಲ್ಲಿ ಬರೆದುಕೊಂಡಿದ್ದಳು.

"ನಡಿ, ಹೊತ್ತಾಗತೈತಿ."

"ನೀ ಹೋಗಿ ಬಾ, ಅವ್ವಾ. ನಾ ಇಲ್ಲೇ ಕುಂಡರ್ತೇನಿ."

"ಎಲ್ಲೀತನಕ?"

"ಮುಚ್ಚೂತನಕ."

ಅವಳಿಗೆ ಸಿಟ್ಟು ಬಂತು. "ಅಷ್ಟ ದೂರದಿಂದ ಬಂದೇವಪ್ಪಾ. ನಮ್ಮೂರು ಸಾವಳಗಿಗೆ ಹೋದ ಮ್ಯಾಲೆ ದೊಡ್ಡವ್ವ ಏನೇನ್ ನೋಡಿದ್ಯೋ ಅಂತ ಕೇಳಿದ್ರ, ಹಾಕಿದ ಬಾಗಲಾ ನೋಡ್ಕೋತ ಕುಂತಿದ್ನಿ ಅಂತಿ ಏನು?"

"ಅಂತೇನಿ. ನಮ್ಮಪ್ಪನ್ನ ಸಾಲಿ ಹೊರಗ ನಿಂದ್ರಸಿದ್ರು. ಅಂವಾ ನಿಂತಾ. ನನ್ನ ಇಲ್ಲಿ ಯಾರೂ ನಿಂದ್ರಸಿಲ್ಲ. ನಾನ ಕುಂತೇನಿ."

ಸಂಘಮಿತ್ರಾ ಈಜಿಪ್ಟಿನ ಕೋಣೆಯ ಕಡೆ ಹೊರಟುಹೋದಳು.

ಮುತ್ತಪ್ಪ ಧೋತರ ಸರಿಮಾಡಿಕೊಂಡು ಬಾಗಿಲಿಗೆದುರಾಗಿದ್ದ ಬೆಂಚಿನ ಮೇಲೆ ಕೂತ. ಚೀಲದಿಂದ ಬಾಬಾಸಾಹೇಬರ ಭಾಷಣಗಳ ಪುಸ್ತಕ ತೆಗೆದ. ಸಾಲೆಯ ಹುಡುಗರು ಗದ್ದಲ ಮಾಡುತ್ತ ಹಾದುಹೋದರು. ಯಾರೋ ಹೆಂಗಸು ಅವನ ಕೆಂಪು ರುಮಾಲು ನೋಡಿ ಫೋಟೋ ತೆಗೆಯಲೇ ಎಂದು ಸನ್ನೆಯಲ್ಲಿ ಕೇಳಿದಳು. ಅವನು ಬೇಡವೆನ್ನಲಿಲ್ಲ, ಪುಸ್ತಕದಿಂದ ಕಣ್ಣನ್ನೂ ಎತ್ತಲಿಲ್ಲ. ಅಷ್ಟು ಹೊತ್ತು ಒಂದೇ ಸವನೆ ಅವನು ಎಂದೂ ಓದಿದವನಲ್ಲ. ಕೆಲಸದಲ್ಲಿದ್ದಾಗ ಒಂದು ಪುಟ ಓದುವುದರೊಳಗೆ ಯಾರಾದರೂ ಕರೆಯುತ್ತಿದ್ದರು.

ಮಧ್ಯಾಹ್ನ ಸಂಘಮಿತ್ರಾ ಕಾಗದದ ಲೋಟದಲ್ಲಿ ಚಹಾ ತಂದು ಕೊಟ್ಟಳು. ಒಂದು ಗಳಿಗೆ ನಿಂತಳು. ಆಮೇಲೆ ಚೀಟಿಯನ್ನು ಪರ್ಸಿನಲ್ಲಿ ತುರುಕಿ ಅಪ್ಪನ ಪಕ್ಕ ಕೂತಳು. ಸೇತುವೆಯ ಮಾತು ಮತ್ತೆ ಎತ್ತಲಿಲ್ಲ.

ಸಂಜೆಯ ಹೊತ್ತಿಗೆ ಅಂಗಳ ಖಾಲಿಯಾಗುತ್ತ ಬಂತು. ಬೆಳಗ್ಗೆ ಕಂಡಿದ್ದ ಕಾವಲುಗಾರ, ನರೆತ ಗಡ್ಡದ ಆಫ್ರಿಕನ್ ಮನುಷ್ಯ, ಎದುರಿಗೆ ಬಂದು ಮೆತ್ತಗೆ ಏನೋ ಹೇಳಿದ.

"ಏನಂತಾನ?"

"ಹೊತ್ತಾತು, ಮುಚ್ಚೂದೈತಿ ಅಂತಾನ."

ಮುತ್ತಪ್ಪನ ಮುಖ ಅರಳಿತು. "ಇವಗ ಹೇಳ ಅವ್ವಾ. ಮೂವತ್ಮೂರು ವರ್ಸ ಈ ಮಾತ ನಾ ಮಂದಿಗಿ ಹೇಳೇನಿ. ದಿನಾ ಸಂಜೀಕ ಗ್ರಂಥಾಲಯದಾಗ ಓದಾವ್ರನ್ನ ಎಬ್ಬಸೂದು, ಕೀಲಿ ಹಾಕೂದು. ನನಗ ಯಾರೂ ಹೇಳಿದ್ದಿಲ್ಲ. ಇವತ್ತ ಹೇಳಿಸ್ಕೊಂಡ್ನಿ."

ಸಂಘಮಿತ್ರಾ ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಕಾವಲುಗಾರ ಪೂರ್ತಿ ಕೇಳಿಸಿಕೊಂಡ. ಮುಚ್ಚಿದ ಬಾಗಿಲನ್ನೊಮ್ಮೆ, ಮುದುಕನನ್ನೊಮ್ಮೆ ನೋಡಿ ಏನೋ ಕೇಳಿದ.

"ಈ ಪುಟದಾಗ ಇನ್ನಾ ಎಷ್ಟು ಉಳದೈತಿ ಅಂತ ಕೇಳಾಕತ್ತಾನ."

"ಅರ್ಧಾ."

ಕಾವಲುಗಾರ ತಲೆಯಾಡಿಸಿ ಎರಡು ಹೆಜ್ಜೆ ಹಿಂದೆ ಸರಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತುಕೊಂಡ. ಮುತ್ತಪ್ಪ ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು, ತುಟಿಯಾಡಿಸುತ್ತ ಓದತೊಡಗಿದ. ಮೇಲೆ ಗಾಜಿನ ಚಾವಣಿಯಲ್ಲಿ ಇನ್ನೂ ಒಂದಿಷ್ಟು ಬೆಳಕಿತ್ತು. ಅವನು ಅವಸರ ಮಾಡಲಿಲ್ಲ.