ಇನ್ನು ಹನ್ನೊಂದು ದಿನ

ಇನ್ನು ಹನ್ನೊಂದು ದಿನ ತಂಗಿ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅವಳು ಅಡುಗೆಮನೆಯಲ್ಲಿ ನಿಂತು ತೊಳೆದ ತಟ್ಟೆಗಳನ್ನು ಒರೆಸುತ್ತಿದ್ದಳು. ಮೇಜಿನ ಹತ್ತಿರ ಕೂತಿದ್ದ ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಫೋನು ಕೈಗೆತ್ತಿಕೊಂಡಳು.

ತಂಗಿಯ ಕಸುಬು ಬೀಗ ಮಾಡುವುದು. ಕಬ್ಬಿಣದ್ದಲ್ಲ, ಫೋನಿನಿಂದ ಫೋನಿಗೆ ಹೋಗುವ ಸಂದೇಶವನ್ನು ನಡುವೆ ಯಾರೂ ಓದದಂತೆ ಗೂಢಲಿಪಿಗೆ ತಿರುಗಿಸುವ ಪ್ರೋಗ್ರಾಮು. ಬರೆದು ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದಳು. ಬ್ಯಾಂಕು, ಆಸ್ಪತ್ರೆ, ಹರಟೆ ಹೊಡೆಯುವ ಆ್ಯಪು, ಎಲ್ಲರೂ ಅದನ್ನೇ ಎತ್ತಿ ಒಳಗಿಟ್ಟುಕೊಂಡಿದ್ದರು. ಹೊಗಳಿದವರು ಬಹಳ, ಒಳಗೆ ಇಣುಕಿ ನೋಡಿದವರು ಯಾರೂ ಇಲ್ಲ. ಮೂರು ದಿನದ ಹಿಂದೆ ಯಾರೋ ಅಪರಿಚಿತ ಇಣುಕಿ, ಅವಳಿಗೆ ಕಾಗದ ಬರೆದ. ಬೀಗದ ಕೀಲಿಗೆ ಯಾರಿಗೂ ಊಹಿಸಲಾಗದ ಅಂಕಿಗಳನ್ನು ಆರಿಸಬೇಕು. ಇವಳ ಪ್ರೋಗ್ರಾಮು ಗಡಿಯಾರ ನೋಡಿ ಆರಿಸುತ್ತಿತ್ತು. ಕೀಲಿ ಎಷ್ಟು ಹೊತ್ತಿಗೆ ಹುಟ್ಟಿತೆಂದು ಗೊತ್ತಾದರೆ ಸಾಕು, ಕೀಲಿ ಕೈಗೆ ಬಂದ ಹಾಗೆಯೇ. ಒಂಬತ್ತು ವರ್ಷದ ಹಿಂದೆ ಪರೀಕ್ಷೆಗೆಂದು ಅವಳೇ ಹಾಕಿದ್ದ ಒಂದೇ ಒಂದು ಸಾಲು. ಪಕ್ಕದಲ್ಲಿ ಅವಳದೇ ಟಿಪ್ಪಣಿ: 'ಸದ್ಯಕ್ಕಿರಲಿ, ನಾಳೆ ತೆಗೀಬೇಕು.' ಆ ಮಹಾತಾಯಿಗೆ ನಾಳೆ ಬರಲೇ ಇಲ್ಲ!

ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ಆದರೆ ಎಲ್ಲರೂ ಹಳೆಯದನ್ನು ತೆಗೆದು ಹೊಸ ಬೀಗ ಹಾಕಿಕೊಳ್ಳಲು ಎರಡು ವಾರ ಬೇಕು. ಅಲ್ಲಿಯವರೆಗೆ ಪಿಸುಮಾತು ಹೊರಬಿದ್ದರೂ ಕಳ್ಳರಿಗೆ ಬಾಗಿಲು ತೆರೆದಿಟ್ಟಂತೆ. ಯಾರಿಗೂ, ಮನೆಯವರಿಗೂ ಹೇಳುವುದಿಲ್ಲವೆಂದು ಅವಳು ಆ ಅಪರಿಚಿತನಿಗೆ ಮಾತು ಕೊಟ್ಟಿದ್ದಳು.

ಅಕ್ಕನ ಕಸುಬು ಹೆಂಗಸರನ್ನು ಬಚ್ಚಿಡುವುದು. ಗಂಡನ ಹೊಡೆತ ತಾಳದೆ ಓಡಿಬಂದವರಿಗೆ ಗುಟ್ಟಾದ ಮನೆ ಹುಡುಕಿ, ವಿಳಾಸವನ್ನು ಫೋನಿನಲ್ಲಿ ಕಳಿಸುತ್ತಿದ್ದಳು. ಯಾವ ಆ್ಯಪಿನಲ್ಲಿ? ತಂಗಿಯ ಬೀಗ ಇದ್ದದ್ದರಲ್ಲೇ. 'ನನ್ನ ತಂಗಿ ಮಾಡಿದ್ದು ಕಣಮ್ಮಾ, ಯಾರಪ್ಪ ಬಂದ್ರೂ ತೆಗೆಯೋಕಾಗಲ್ಲ' ಎಂದು ಪ್ರತಿಯೊಬ್ಬಳಿಗೂ ಧೈರ್ಯ ತುಂಬುತ್ತಿದ್ದಳು.

"ಇವತ್ತಿನವಳ ಗಂಡ ಫೋನ್ ಕಂಪನಿಯಲ್ಲೇ ಕೆಲಸ ಮಾಡ್ತಾನಂತೆ," ಎಂದಳು ಅಕ್ಕ, ವಿಳಾಸ ಒತ್ತುತ್ತಾ. "ಹೆಂಡ್ತಿ ಫೋನಿಗೆ ಏನೇನು ಬರುತ್ತೆ ಅಂತ ಕಾಯ್ತಾ ಕೂತಿರ್ತಾನಂತೆ. ಕಾಯ್ಲಿ ಬಿಡು, ನಿನ್ನ ಬೀಗ ಇದೆಯಲ್ಲ."

ತಂಗಿ ಅಕ್ಕನ ಬೆರಳನ್ನೇ ನೋಡಿದಳು. ಅಪರಿಚಿತ ಕಂಡದ್ದನ್ನು ಇನ್ನೊಬ್ಬ ಕಾಣಲಾರನೆಂದು ಏನು ಖಾತ್ರಿ?

"ಅಕ್ಕಾ, ಕಳಿಸ್ಬೇಡ. ನೀನೇ ಹೋಗಿ ಬಾಯಲ್ಲಿ ಹೇಳಿ ಬಾ."

"ಎರಡು ಬಸ್ ಬದಲಾಯಿಸ್ಬೇಕು ಕಣೇ! ನನ್ನ ಮಂಡಿ ನೋವು ನಿನಗೆ ತಮಾಷೆನಾ?"

"ಆದ್ರೂ ಹೋಗು."

"ಯಾಕೆ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಅಕ್ಕ ಸುಮ್ಮನಿರುವವಳಲ್ಲ, ತಾನು ಬಚ್ಚಿಟ್ಟವರಿಗೆಲ್ಲ ಹೇಳುತ್ತಾಳೆ. ಅವರಿಂದ ಊರಿಗೆ, ಊರಿನಿಂದ ಅದೇ ಗಂಡನ ಕಿವಿಗೆ. ಹೇಳದಿದ್ದರೆ ಇಲ್ಲೇ, ಕಣ್ಣೆದುರೇ ಆ ವಿಳಾಸ ಹೊರಡುತ್ತದೆ. ತಂಗಿ ಅಡಕತ್ತರಿಗೆ ಸಿಕ್ಕಿದ್ದಳು. ಒರೆಸಿ ಒಣಗಿದ್ದ ತಟ್ಟೆಯನ್ನೇ ಮತ್ತೆ ಒರೆಸತೊಡಗಿದಳು.

ಅಕ್ಕ ಕನ್ನಡಕ ತೆಗೆದು ಆ ಒಣ ತಟ್ಟೆಯನ್ನೇ ನೋಡಿದಳು. ಹೆಂಡತಿಯನ್ನು ಹುಡುಕಿಕೊಂಡು ಗಂಡಂದಿರು ಬಂದಾಗ 'ಇಲ್ಲಿಲ್ಲ' ಎನ್ನಬಾರದು, ಸುಳ್ಳು ಮುಖದಲ್ಲಿ ಕಾಣುತ್ತದೆ. ಹೌದೆಂದೂ ಇಲ್ಲವೆಂದೂ ಹೇಳದೆ ಕೈಲಿದ್ದ ಕೆಲಸ ಮಾಡುತ್ತಿರಬೇಕು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಅವಳು ಕಲಿಸುತ್ತಿದ್ದ ಮೊದಲ ಪಾಠ ಅದು. ಒಮ್ಮೆ ಒಬ್ಬ ಗಂಡನ ಮುಂದೆ ಒಂದೇ ಕಿಟಕಿಯನ್ನು ಮುಕ್ಕಾಲು ಗಂಟೆ ಒರೆಸಿದ್ದನ್ನು ಹೇಳಿ, ತಂಗಿಯನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದಳು.

ಈಗ ಇಬ್ಬರೂ ನಗಲಿಲ್ಲ.

"ಹೇಳೋ ಹಾಗಿಲ್ವಾ?"

ತಂಗಿ ತಟ್ಟೆ ಒರೆಸಿದಳು.

ಅಕ್ಕ ಮತ್ತೆ ಕೇಳಲಿಲ್ಲ. ಒತ್ತಿದ್ದ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ಮಂಡಿಗೆ ಕೈಯೂರಿ ಎದ್ದು ಚಪ್ಪಲಿ ಮೆಟ್ಟಿದಳು. ಅಬ್ಬಾ, ಬದುಕಿದೆ ಎನಿಸಿತು ತಂಗಿಗೆ. ಕೊಟ್ಟ ಮಾತೂ ಉಳಿಯಿತು, ಆ ಹೆಂಗಸೂ ಉಳಿದಳು.

ಬಾಗಿಲ ಚಿಲಕಕ್ಕೆ ಕೈಯಿಟ್ಟ ಅಕ್ಕ ಅಲ್ಲೇ ನಿಂತಳು.

"ಇದೇ ಫೋನಿಂದ ಈ ವರ್ಷ ನಲವತ್ತೊಂದು ಜನಕ್ಕೆ ಕಳಿಸಿದ್ದೀನಿ," ಎಂದಳು. ದನಿ ಅವಳದಲ್ಲವೆಂಬಷ್ಟು ಸಣ್ಣಗಿತ್ತು. "ಅವರದ್ದೂ ಹೀಗೇನಾ?"

ತಂಗಿ ತಲೆಯೆತ್ತಲಿಲ್ಲ. ಅವಳ ಕೈ ತಟ್ಟೆ ಒರೆಸುತ್ತಲೇ ಇತ್ತು.