ಮೂರು ಆಯ್ಕೆ, ಒಂದೇ ಕೋರ್ಸು

"ಮೂರು ಆಯ್ಕೆ ತುಂಬಿದ್ದೀನಲ್ಲೇ, ಇನ್ನೇನು ಬೇಕು ನಿಂಗೆ?"

(ಇಲ್ಲಿಂದ ಶುರು ಮಾಡಬಹುದೇ? ಮೊದಲು ಅಂಗಡಿಯ ವರ್ಣನೆ ಬರಬೇಕಿತ್ತು, ಅರ್ಧ ಪುಟ ಬರೆದೂ ಇದ್ದೆ. ಆದರೆ ಮಗಳು ಕೆಂಡವಾಗಿ ಒಳಗೆ ನುಗ್ಗಿದ ಮೇಲೆ ಗಾಜಿನ ಕಪಾಟು ಯಾರು ನೋಡುತ್ತಾರೆ? ಹರಿದು ಹಾಕಿದೆ.)

೧

ಅಂದವನು ಅಪ್ಪ, ಕನ್ನಡಕದಂಗಡಿಯವನು. ಅನ್ನಿಸಿಕೊಂಡವಳು ಮಗಳು. ಡಿಗ್ರಿ ಪ್ರವೇಶದ ಆನ್‌ಲೈನ್ ಅರ್ಜಿಯಲ್ಲಿ ಮೂರು ಆಯ್ಕೆ ಕೊಡಬೇಕು. ಪಾಪ ಅವಳಿಗ್ಯಾಕೆ ತೊಂದರೆ ಅಂತ ಅಪ್ಪ ಮಧ್ಯಾಹ್ನ ಊಟವಾದ ಮೇಲೆ ತಾನೇ ತುಂಬಿಬಿಟ್ಟಿದ್ದ. ಮೊದಲನೆಯದು ಕಣ್ಣು ಪರೀಕ್ಷೆಯ ಕೋರ್ಸು. ಎರಡನೆಯದು ಅದೇ ಕೋರ್ಸು, ಬೇರೆ ಕಾಲೇಜು. ಮೂರನೆಯದು ನೀವೇ ಊಹಿಸಿ.

ಬದಲಾಯಿಸಲು ಇವತ್ತು ಸಂಜೆ ಐದರವರೆಗೆ ಅವಕಾಶ. ಈಗ ನಾಲ್ಕೂವರೆ. ಬದಲಾಯಿಸಿದರೆ ಒಟಿಪಿ ಬರುವುದು ಅಪ್ಪನ ಫೋನಿಗೆ. ಫೋನು ಅಪ್ಪನ ಜೇಬಿನಲ್ಲಿ.

೨

ಅಪ್ಪ ಆಗ ಬಸ್ ಡ್ರೈವರೊಬ್ಬರ ಕಣ್ಣು ನೋಡುತ್ತಿದ್ದ. ಅವರ ಮೂಗಿನ ಮೇಲೊಂದು ಭಾರದ ಚೌಕಟ್ಟು. ಅದಕ್ಕೊಂದು ಗಾಜು ಹಾಕುವುದು, ತೆಗೆದು ಇನ್ನೊಂದು ಹಾಕುವುದು. "ಇದಾ, ಅದಾ? ಅವಸರ ಬೇಡಿ. ಇನ್ನೊಂದ್ಸಲ ನೋಡಿ. ಇದಾ, ಅದಾ?" ಕಣ್ಣಳೆಯುವ ಯಂತ್ರ ಏನೇ ಹೇಳಲಿ, ಗಿರಾಕಿ ತಾನೇ ಬಾಯಿಬಿಟ್ಟು ಹೇಳುವವರೆಗೆ ಚೀಟಿಯಲ್ಲಿ ಒಂದಕ್ಷರ ಬರೆಯುವವನಲ್ಲ ಅವನು.

"ಅವರ ಬಲಗಣ್ಣಿಗೇ ಹದಿನಾಲ್ಕು ಸಲ ಕೇಳಿದೆ ನೀನು," ಅಂದಳು ಮಗಳು. "ನನ್ನನ್ನ ಒಂದೇ ಒಂದು ಸಲ ಕೇಳಿದ್ಯಾ?"

"ಕಣ್ಣು ಅವರದಮ್ಮ! ತಪ್ಪಾದ್ರೆ ಅನುಭವಿಸೋರು ಯಾರು?"

"ಮೂರು ವರ್ಷ ಕೂತು ಓದೋರು ಯಾರು?"

"ಮೊದಲಿನದೇ ಚೆನ್ನಾಗಿತ್ತು," ಅಂದರು ಡ್ರೈವರ್. ಅಪ್ಪ, ಮಗಳು ಇಬ್ಬರೂ ದುರುಗುಟ್ಟಿದರು. "ಗಾಜಿನ ಬಗ್ಗೆ ಹೇಳಿದ್ದು ಸಾರ್! ನಿಮ್ಮ ಮನೆ ವಿಷಯಕ್ಕೆ ನಾನು ಬಂದಿಲ್ಲ."

೩ (ಕೈಬಿಟ್ಟ ಕರಡು)

ಅವಳಿಗೆ ಸಾಹಿತ್ಯ ಓದುವಾಸೆ. ಯಾರಿಗೂ ತಿಳಿಯದಂತೆ ಕವಿತೆ ಬರೆಯುತ್ತಿದ್ದಳು...

"ಏನ್ರೀ ಇದು?" (ಕೇಳಿದ್ದು ಮಗಳು, ನನ್ನನ್ನು. ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ.) "ಕವಿತೆ ಯಾರು ಬರೆದ್ರು? ನಂಗೆ ಬೇಕಿರೋದು ಭೂವಿಜ್ಞಾನ. ಕಲ್ಲು, ಮಣ್ಣು."

ಯಾಕಮ್ಮ? ಚಿಕ್ಕವಳಿದ್ದಾಗ ನದಿ ದಂಡೆಯಲ್ಲಿ ಅಜ್ಜಿ ಒಂದು ಕಲ್ಲು ಕೈಗಿಟ್ಟಿದ್ದಳೇ? ಕಥೆ ಅಂದಮೇಲೆ ಕಾರಣ ಬೇಕಲ್ಲ.

"ಯಾರೂ ಏನೂ ಇಡಲಿಲ್ಲ. ಲೈಬ್ರರಿಯಿಂದ ಕಲ್ಲುಗಳ ಬಗ್ಗೆ ಒಂದು ಪುಸ್ತಕ ನಾಲ್ಕು ಸಲ ತಂದೆ, ನಾಲ್ಕು ಸಲವೂ ವಾಪಸ್ ಕೊಡೋಕೆ ಮನಸ್ಸು ಬರಲಿಲ್ಲ. ಅಷ್ಟೇ. ಅಪ್ಪ ತನಗೆ ಬೇಕಾದ್ದು ತುಂಬಿದಾಗ ಕಾರಣ ಕೇಳಿದ್ರಾ ನೀವು? ನಾನು ಕೇಳಿದ್ರೆ ಮಾತ್ರ ಕಾರಣ ಬೇಕು, ಅಜ್ಜಿ ಬೇಕು, ನದಿ ಬೇಕು! ನೀವೂ ಅವನ ಥರಾನೇ. ಕೇಳದೆ ತುಂಬೋರು."

(ಬೈಸಿಕೊಂಡೆ, ಓದುಗರೇ. ಕವಿತೆ, ಅಜ್ಜಿ, ನದಿ ಎಲ್ಲ ಹೊಡೆದುಹಾಕಿದೆ. ಒಳ್ಳೆಯ ನದಿಯಾಗಿತ್ತು.)

೪

"ಕಲ್ಲು ಓದಿ ಏನು ಕೆಲಸ ಮಾಡ್ತೀಯ?" ಅಂದ ಅಪ್ಪ.

"ನೋಡು, ಈಗ ಕೇಳ್ತಿದ್ದೀಯ, ತುಂಬಿಯಾದ ಮೇಲೆ. ಗೊತ್ತಿಲ್ಲಪ್ಪ. ಕೆಲಸ ಸಿಗದೇ ಇರಬಹುದು. ಮೊದಲ ವರ್ಷವೇ ಬೇಜಾರಾಗಬಹುದು. ಆಗ ನನ್ನನ್ನ ನಾನೇ ಬೈಕೋತೀನಿ. ನೀನು ತುಂಬಿದ್ದು ಬೇಜಾರಾದ್ರೆ ಯಾರನ್ನ ಬೈಲಿ? ಜೀವಮಾನವಿಡೀ ನಿನ್ನ ಬೈಕೊಂಡು ಕೂರೋಕೆ ನಂಗಿಷ್ಟ ಇಲ್ಲ."

ಅಪ್ಪ ಕೈಯಲ್ಲಿದ್ದ ಗಾಜನ್ನು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

೫

ಮುಕ್ತಾಯಗಳು. ಬೇಕಾದ್ದು ಆರಿಸಿಕೊಳ್ಳಿ.

ಅ) ಅಪ್ಪ ಕಣ್ಣೀರಿಡುತ್ತ ಫೋನು ಕೊಡುತ್ತಾನೆ. ("ಗಿರಾಕಿ ಮುಂದೆ ಅಳ್ತೀನಾ ನಾನು?")

ಆ) ಐದು ಹೊಡೆಯುತ್ತದೆ. ಹತ್ತು ವರ್ಷದ ನಂತರ ಅದೇ ಅಂಗಡಿಯಲ್ಲಿ ಅವಳು... (ಅವಳು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.)

ಇ) ಡ್ರೈವರ್ ರಾಜಿ ಮಾಡಿಸುತ್ತಾರೆ. ("ನಂಗೆ ಐದೂಕಾಲಿಗೆ ಡ್ಯೂಟಿ ಇದೆ.")

ಯಾರೂ ಒಪ್ಪದಿದ್ದರೆ ನಾನಾದರೂ ಏನು ಮಾಡಲಿ? ಪೆನ್ನು ಕೆಳಗಿಟ್ಟೆ. ಮುಂದಿನದು ಬರೀ ನೋಡಿದ್ದು.

ಅವಳು ಕೌಂಟರಿನ ಕಂಪ್ಯೂಟರಿನಲ್ಲಿ ಮೊದಲ ಆಯ್ಕೆ ಬದಲಾಯಿಸಿ ಗುಂಡಿ ಒತ್ತಿದಳು. ಅಪ್ಪನ ಜೇಬು ಟಿಣ್ ಅಂದಿತು. ತೆಗೆದು ನೋಡಿದ.

"ಎಷ್ಟು ಹೊತ್ತು ನಡೆಯುತ್ತೆ ಈ ನಂಬರು?"

"ಹತ್ತು ನಿಮಿಷ."

"ಉಳಿದೆರಡು ಆಯ್ಕೆ?"

"ನೀನು ತುಂಬಿದ್ದೇ. ಮುಟ್ಟಿಲ್ಲ."

ಅಪ್ಪ ಫೋನು ಹಿಡಿದುಕೊಂಡೇ, ಮೂಲೆಯಲ್ಲಿದ್ದ ಸ್ಟೂಲನ್ನು ಕಾಲಿನಿಂದ ಎಳೆದು, ಅವಳ ಪಕ್ಕ ಕೂತ. "ಅವಸರ ಬೇಡ, ಇನ್ನೊಂದ್ಸಲ ನೋಡಿ ಹೇಳು: ಇದಾ, ಅದಾ?"