ಸಿಡಿಮದ್ದಿನ ಹೊಸ ಗಿರಾಕಿ

ರಾಚಮ್ಮನ ಅಂಗೈ ಅರಿಸಿನ ಮೆತ್ತಿದಂಗೆ ಹಳದಿಯಾಗಿತ್ತು. ನಂಜನಗೂಡಿನ ವಿದೇಶಿ ಫ್ಯಾಕ್ಟರಿಯೊಂದರಲ್ಲಿ ಆರು ವರ್ಷದಿಂದ ಕಬ್ಬಿಣದ ಡಬ್ಬಕ್ಕೆ ಸಿಡಿಮದ್ದಿನ ಪುಡಿ ತುಂಬುತ್ತಿದ್ದಳು. ಕವಲಂದೆಯ ಮನೆಗೆ ಹೋಗಿ ಮೂರು ಸಲ ಸೋಪು ಹಾಕಿದರೂ ಕಹಿ ಬಿಡುತ್ತಿರಲಿಲ್ಲ. ಅವಳು ಕಲಸಿ ಕೊಟ್ಟ ತುತ್ತನ್ನು ಮೊಮ್ಮಗಳು ಉಗಿದುಬಿಡುತ್ತಿದ್ದಳು. ಕಂಪನಿಯವರು ಧಾರಾಳಿಗಳು. ತಿಂಗಳಿಗೊಂದು ಬೆಲ್ಲದಚ್ಚು ಕೊಡುತ್ತಿದ್ದರು.

ಡಬ್ಬಗಳೆಲ್ಲ ಸಮುದ್ರದಾಚೆಯ ಒಬ್ಬ ಸರ್ವಾಧಿಕಾರಿಗೆ ಹೋಗುತ್ತಿದ್ದವು. ಆರ್ಡರ್ ಕೊಡಿಸಿದ್ದು ಕಂಪನಿಯ ದೇಶದ ಸರ್ಕಾರವೇ. ಅಲ್ಲಿಂದ ಬಂದಿದ್ದ ಬಿಳಿ ಅಧಿಕಾರಿ, "ಆತ ನಮ್ಮ ಸ್ನೇಹಿತ. ರಸ್ತೆ ಮಾಡಿಸ್ತಿದ್ದಾನೆ, ಬಂಡೆ ಒಡೀಬೇಕಂತೆ" ಅಂತ ಮ್ಯಾನೇಜರ್ ಕೈಲಿ ಹೇಳಿಸಿ ಎಲ್ಲರಿಗೂ ಮೈಸೂರುಪಾಕು ಹಂಚಿಸಿದ್ದ.

ಈ ವರ್ಷ ಆ ಸ್ನೇಹಿತ ತನ್ನ ಎಣ್ಣೆಬಾವಿಗಳನ್ನು ಬೇರೆ ದೇಶದವರಿಗೆ ಕೊಟ್ಟ. ಒಂದೇ ವಾರದಲ್ಲಿ ಅವನು ರಾಕ್ಷಸ ಅಂತ ಕಂಪನಿಗೂ ಅದರ ಸರ್ಕಾರಕ್ಕೂ ಜ್ಞಾನೋದಯವಾಯಿತು!

ನರಸೀಪುರದಿಂದ ಕೆಲಸಕ್ಕೆ ಬರುವ ರಂಜಿನಿ ಫೋನ್ ಮುಂದೆ ಹಿಡಿದಳು. ಆ ಸರ್ವಾಧಿಕಾರಿಯ ದೇಶದಲ್ಲಿ ಕುಸಿದ ಶಾಲೆ. ಸಾಲಾಗಿ ಮಲಗಿಸಿದ ಮಕ್ಕಳು. ಪಕ್ಕದಲ್ಲೇ ನೀಲಿ ಪಟ್ಟಿಯ ಡಬ್ಬದ ಚೂರು.

"ಅಕ್ಕ, ಇದು ನಮ್ದಲ್ವಾ?"

ರಾಚಮ್ಮ ನಲ್ಲಿ ಹತ್ತಿರ ಹೋಗಿ ಕೈ ಉಜ್ಜಿದಳು. ಉಜ್ಜುತ್ತಲೇ ಇದ್ದಳು.

ಮುಂದಿನ ವಾರ ಅದೇ ಅಧಿಕಾರಿ ಬಂದ. ಸತ್ತ ಮಕ್ಕಳನ್ನು ನೆನೆದು ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡ. ಆಮೇಲೆ ಏನೋ ಹೇಳಿದ. ಮ್ಯಾನೇಜರ್ ಸೋಮಶೇಖರ್ ಕನ್ನಡದಲ್ಲಿ ತಿಳಿಸಿದ.

"ನೋಡ್ರಮ್ಮ, ಆ ಪಾಪಿಗೆ ಇನ್ಮೇಲೆ ಒಂದು ಡಬ್ಬವೂ ಇಲ್ಲ. ಅವನ ಮೇಲೆ ತಿರುಗಿಬಿದ್ದಿರೋರಿಗೆ ಕಳಿಸ್ತೀವಿ. ನೀಲಿ ಪಟ್ಟಿ ಬದಲು ಹಸಿರು ಪಟ್ಟಿ, ಅಷ್ಟೇ."

"ಇವ್ರೂ ಬಂಡೆ ಒಡೆಯಕ್ಕಾ ಸಾ?" ಅಂದಳು ರಾಚಮ್ಮ.

"ಅದೆಲ್ಲ ನಿನಗ್ಯಾಕೆ? ದೊಡ್ಡ ದೇಶಗಳ ವಿಚಾರ."

"ಸಾಯೋರು ಸಣ್ಣ ಮಕ್ಳು ಕಣ್ ಸಾ. ಪಟ್ಟಿ ಬಣ್ಣ ನೋಡ್ಕಂಡು ಸಾಯ್ತವಾ ಅವು? ನಾ ತುಂಬಕಿಲ್ಲ."

"ಹಂಗಾದ್ರೆ ಗೇಟು ಅಲ್ಲೈತೆ. ಹೋಗು."

ರಾಚಮ್ಮ ಹೋದಳು. ರಂಜಿನಿ ಎದ್ದಳು. ಹಿಂದೆಯೇ ಉಳಿದ ನಲವತ್ತು ಹೆಂಗಸರೂ ಎದ್ದು ಬಂದು ಗೇಟಿನ ಮುಂದೆ ಕೂತರು. ಲಾರಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಮಧ್ಯಾಹ್ನ ಪೊಲೀಸ್ ಜೀಪು ಬಂತು. ಇನ್ಸ್‌ಪೆಕ್ಟರು ಕಂಪನಿ ಕೊಟ್ಟ ದೂರನ್ನು ಗಟ್ಟಿಯಾಗಿ ಓದಿದರು: "ಸದರಿ ಹೆಂಗಸರಿಂದ ಶಾಂತಿಗೆ ಭಂಗ ಉಂಟಾಗಿದೆ."

ಗೇಟಿನ ಮುಂದೆ ನಗು ಎದ್ದಿತು. ಹೆಂಗಸರು ಮಾತ್ರ ಏಳಲಿಲ್ಲ.